ಈಗ ಎಡಕ್ಕೆ ತಿರುಗ್ತೀವಿ

ಡ್ರೈವಿಂಗ್ ಮೇಷ್ಟ್ರಿಗೆ ಊರಲ್ಲಿ ಹೆಸರಿದ್ದದ್ದು ಒಂದೇ ವಿಷಯಕ್ಕೆ. ಅವರಿಗೆ ಸಿಟ್ಟು ಬರುವುದಿಲ್ಲ, ಗಾಬರಿಯೂ ಆಗುವುದಿಲ್ಲ. ಕಲಿಯಲು ಬಂದವರು ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಕಾಂಪೌಂಡು ಗೋಡೆಗೆ ಗುದ್ದಿದ್ದರು, ತರಕಾರಿ ಗಾಡಿಗೆ ನುಗ್ಗಿದ್ದರು. ಒಬ್ಬಾತ ಹಿಂದಕ್ಕೆ ಹೋಗುವ ಬದಲು ಮುಂದಕ್ಕೆ ಹೋಗಿ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮೆಟ್ಟಿಲು ಹತ್ತಿಸಿದ್ದ. ಪ್ರತಿ ಸಲವೂ ಮೇಷ್ಟ್ರು ತಮ್ಮ ಕಾಲ ಬಳಿ ಇದ್ದ ಎರಡನೇ ಬ್ರೇಕನ್ನು ಒತ್ತಿ, "ಪರವಾಗಿಲ್ಲ, ಇನ್ನೊಂದ್ಸಲ ನೋಡೋಣ" ಎಂದಿದ್ದರು. ಹಲ್ಲಿನ ಡಾಕ್ಟರು ಹೊರಗೆ ಬಂದು ಕೂಗಾಡಿದಾಗ, "ಮೇಲಿನ ಮೆಟ್ಟಿಲಿಗೆ ಏನೂ ಆಗಿಲ್ಲ ನೋಡಿ" ಎಂದು ಸಮಾಧಾನ ಹೇಳಿದ್ದರಂತೆ.

ಇಂಥ ಮೇಷ್ಟ್ರು ಕಾರಿಗೆ ಹತ್ತಿಸಿಕೊಳ್ಳಲು ಹೆದರುತ್ತಿದ್ದದ್ದು ಪ್ರಪಂಚದಲ್ಲಿ ಒಬ್ಬಳನ್ನು ಮಾತ್ರ. ಅವಳು ಅವರ ಎಂಟು ವರ್ಷದ ಮಗಳು.

ಮನೆಯಲ್ಲಿ ಅವಳನ್ನು ಗುಂಡಿ ಎನ್ನುತ್ತಿದ್ದರು. ಯಾರ ತೊಡೆಯೇರಿದರೂ ಅವರ ಅಂಗಿಯ ಗುಂಡಿಗಳನ್ನು ಮೇಲಿನಿಂದ ಕೆಳಗಿನವರೆಗೆ ಮುಟ್ಟಿ ನೋಡುವುದು ಅವಳ ಹಳೇ ಅಭ್ಯಾಸ. ಮೂರು ತುಂಬುವ ಹೊತ್ತಿಗೆ ಡಾಕ್ಟರು ಆಟಿಸಂ ಎಂದರು. ಮಾತು ಕಮ್ಮಿ, ಇದ್ದ ಮಾತೂ ಬೇರೆಯವರು ಹೇಳಿದ್ದನ್ನೇ ತಿರುಗಿ ಹೇಳುವುದು. ಮೇಲೆ ಫ್ಯಾನು ತಿರುಗುತ್ತಿದ್ದು, ಮುಂದೆ ಒಂದು ಬೋಗುಣಿ ನೀರು ಇದ್ದುಬಿಟ್ಟರೆ ಮನೆಯಲ್ಲಿ ಅವಳಷ್ಟು ಸಮಾಧಾನದ ಜೀವ ಇನ್ನೊಂದಿಲ್ಲ. ಕಾರಿನೊಳಗೆ ಮಾತ್ರ ಕಥೆಯೇ ಬೇರೆ. ಎಲ್ಲಿ, ಯಾಕೆ, ಯಾವಾಗ ಎಂದು ಹೇಳಲು ಬಾರದ ಹಾಗೆ ಅದು ಶುರುವಾಗುತ್ತಿತ್ತು. ಮೊದಲು ಒಂದು ಸಣ್ಣ ಗುನುಗು, ಆಮೇಲೆ ಕಿವಿ ಮುಚ್ಚಿಕೊಳ್ಳುವುದು, ಅದಾದ ಮೇಲೆ ಕಿರುಚಾಟ. ಮುಂದಿನ ಸೀಟಿಗೆ ಒದೆತ, ಸ್ವಂತ ಕೈ ಕಚ್ಚಿಕೊಳ್ಳುವುದು, ಕಿಟಕಿಗೆ ತಲೆ ಹೊಡೆದುಕೊಳ್ಳುವುದು. ಶಾಲೆಗೆ ಅವಳನ್ನು ಕರೆದೊಯ್ಯುವುದು ಹೆಂಡತಿಯ ಪಾಲಿಗೆ ಬಿದ್ದಿತ್ತು. ಮೇಷ್ಟ್ರಿಗೆ ಬೆಳಗಿನ ಹೊತ್ತೇ ಕ್ಲಾಸುಗಳು ಜಾಸ್ತಿ. ಈ ನೆಪ ಸುಳ್ಳಲ್ಲದ ಕಾರಣ ಅವರು ಅದನ್ನು ನೆಮ್ಮದಿಯಾಗಿ ಬಳಸಿಕೊಂಡಿದ್ದರು.

ಹೆಂಡತಿ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸದಲ್ಲಿದ್ದಳು. ಒಂದು ಸೋಮವಾರದಿಂದ ಅವಳನ್ನು ಬೆಳಗಿನ ಪಾಳಿಗೆ ಹಾಕಿದರು. ನೆಪಕ್ಕೆ ಅಲ್ಲಿಗೆ ಕೊನೆಯಾಯಿತು.

"ನೋಡಿ, ದಿನಾ ಒಂದೇ ದಾರೀಲಿ ಹೋಗಿ" ಎಂದು ಅವಳು ಚಪ್ಪಲಿ ಮೆಟ್ಟುತ್ತಾ ಹೇಳಿದಳು. "ರೇಡಿಯೋ ಬೇಡ. ಕಿರುಚೋಕೆ ಶುರು ಮಾಡಿದ್ರೆ ಗಾಡಿ ಪಕ್ಕಕ್ಕೆ ಹಾಕಿ. ತಲೆಗೂ ಗಾಜಿಗೂ ನಡುವೆ ದಿಂಬು ಇಡಿ. ಬೈಬೇಡಿ, ಬುದ್ಧಿ ಹೇಳ್ಬೇಡಿ. ಅದು ಹಠ ಅಲ್ಲ, ತಡ್ಕೊಳ್ಳೋಕೆ ಆಗ್ತಿಲ್ಲ ಅಂತ ಅರ್ಥ. ಗೊತ್ತಾಯ್ತಾ?"

ಮೇಷ್ಟ್ರು ತಲೆಯಾಡಿಸಿದರು. ಕ್ಲಚ್ಚಿನ ಬಗ್ಗೆ ಎಷ್ಟೇ ವಿವರಿಸಿದರೂ ಅವರ ವಿದ್ಯಾರ್ಥಿಗಳು ತಲೆಯಾಡಿಸುತ್ತಿದ್ದದ್ದು ಹೀಗೇ.

ಮೊದಲ ದಿನ ಅರ್ಧ ದಾರಿ ಸುಖವಾಗಿಯೇ ಸಾಗಿತು. ಆಮೇಲೆ ನೀರಿನ ಪೈಪು ಹಾಕಲು ರಸ್ತೆ ಅಗೆದದ್ದು ಕಾಣಿಸಿತು. ಮೇಷ್ಟ್ರು ಏನೂ ಯೋಚಿಸದೆ ಪಕ್ಕದ ಗಲ್ಲಿಗೆ ತಿರುಗಿಸಿದರು. ಗಲ್ಲಿಯ ತುದಿ ಮುಟ್ಟುವಷ್ಟರಲ್ಲಿ ಹಿಂದಿನ ಸೀಟಿನಲ್ಲಿ ಎಲ್ಲವೂ ಶುರುವಾಗಿತ್ತು. ಪಕ್ಕಕ್ಕೆ ಹಾಕಬೇಕೆಂಬುದು ಅವರಿಗೆ ಮರೆತೇ ಹೋಯಿತು. "ಇನ್ನೇನು ಬಂತು ಕಂದಾ, ಬಂದೇಬಿಡ್ತು, ಇಲ್ಲೇ, ಇಲ್ಲೇ" ಎನ್ನುತ್ತಾ ಓಡಿಸಿದರು. ಶಾಲೆ ಬರಲಿಲ್ಲ, ಸಿಗ್ನಲ್ಲು ಬಂತು. ಬರುತ್ತದೆಂದದ್ದು ಬರದಿದ್ದಕ್ಕೆ ಕಿರುಚಾಟ ಇನ್ನೂ ಒಂದು ಮೆಟ್ಟಿಲು ಏರಿತು. ಕಾರಿನ ಹಿಂದೆ 'ಕಲಿಯುವವರು, ದೂರವಿರಿ' ಎಂದು ಕೆಂಪಕ್ಷರದಲ್ಲಿ ಬರೆದಿತ್ತು. ಯಾರೂ ದೂರವಿರಲಿಲ್ಲ. ಒಬ್ಬ ಸ್ಕೂಟರಿನವನು ಕಿಟಕಿಗೆ ಬಗ್ಗಿ, "ಒಂದು ಕೊಡಿ ಸಾರ್, ಸರಿಹೋಗ್ತಾಳೆ" ಎಂದ. ಇನ್ನೊಬ್ಬಾಕೆ ಗಾಜಿನ ಸಂದಿಯಿಂದ ಚಾಕೊಲೇಟು ತೂರಿಸಿದಳು. ಗುಂಡಿ ಅದನ್ನು ಅದೇ ಸಂದಿಯಿಂದ ವಾಪಸು ಕಳಿಸಿದಳು. ಕೊನೆಗೆ ಟ್ರಾಫಿಕ್ ಪೊಲೀಸು ಬಂದ.

"ಇವಳು ನಿಮ್ಮ ಮಗಳೇ ಅನ್ನೋದಕ್ಕೆ ಏನ್ರೀ ಗ್ಯಾರಂಟಿ?"

"ಬೇರೆಯವರ ಮಗಳಾಗಿದ್ರೆ ಇಷ್ಟೊತ್ತಿಗೆ ವಾಪಸ್ ಕೊಟ್ಟು ಬಂದಿರ್ತಿದ್ದೆ ಸಾರ್."

ಪೊಲೀಸು ಅವರ ಮುಖ ನೋಡಿದ, ಹಿಂದಿನ ಸೀಟು ನೋಡಿದ. ಮಾತಿನಲ್ಲಿ ನ್ಯಾಯವಿದೆ ಎನ್ನಿಸಿರಬೇಕು, ದಾರಿ ಬಿಡಿಸಿಕೊಟ್ಟ.

ಎರಡು ವಾರ ಹೀಗೇ ನಡೆಯಿತು. ಶಾಲೆ ತಲುಪುವ ಹೊತ್ತಿಗೆ ಗುಂಡಿಯ ದನಿ ಒಡೆದಿರುತ್ತಿತ್ತು, ಮೇಷ್ಟ್ರ ಅಂಗಿ ಒದ್ದೆಯಾಗಿರುತ್ತಿತ್ತು. ಇಬ್ಬರೂ ಗೇಟಿನ ಬಳಿ ನಿಂತು ಒಬ್ಬರನ್ನೊಬ್ಬರು ನೋಡದೆ ಉಸಿರು ಬಿಡುತ್ತಿದ್ದರು. ಅತ್ತ ಕ್ಲಾಸುಗಳು ತಡವಾಗಿ, ಒಬ್ಬೊಬ್ಬರೇ ವಿದ್ಯಾರ್ಥಿಗಳು ಬೇರೆ ಡ್ರೈವಿಂಗ್ ಸ್ಕೂಲು ಹಿಡಿದರು. ಬೆಳಗಿನ ಹೊತ್ತಿಗೆ ಕೊನೆಗೆ ಉಳಿದವರು ಗಣಿತದ ಮೇಡಂ ಒಬ್ಬರೇ.

ಮೇಡಂ ಹೈಸ್ಕೂಲಿನಿಂದ ನಿವೃತ್ತರಾದವರು. ಗಂಡನ ಕಣ್ಣು ಮಂಜಾಗಿ ಅವರು ಕಾರು ಮುಟ್ಟುವ ಹಾಗಿರಲಿಲ್ಲ. ಶೆಡ್ಡಿನಲ್ಲಿ ನಿಂತ ಕಾರು ನೋಡಿ ನೋಡಿ ಸಾಕಾಗಿ, ಮೇಡಂ ಈ ವಯಸ್ಸಿನಲ್ಲಿ ಕಲಿಯಲು ಹೊರಟಿದ್ದರು. ಲೈಸೆನ್ಸಿನ ಪರೀಕ್ಷೆಯಲ್ಲಿ ಮೂರು ಸಲ ಫೇಲಾಗಿದ್ದರು. ಜೀವಮಾನವೆಲ್ಲ ಬೇರೆಯವರನ್ನು ಫೇಲು ಮಾಡಿದವರಾದ್ದರಿಂದ ಅದು ಅವರಿಗೆ ಬಹಳ ಕುತೂಹಲದ ಅನುಭವವಾಗಿತ್ತು.

ಆ ದಿನ ಮೇಷ್ಟ್ರು ತಡವಾಗಿ ಬಂದಾಗ ಮೇಡಂ ಗೇಟಿನಲ್ಲೇ ನಿಂತಿದ್ದರು. ಕಾರಣ ಕೇಳಿದರು. ಮೇಷ್ಟ್ರು ಹೇಳಿದರು.

"ಸರಿ. ನಾಳೆಯಿಂದ ಮಗೂನ ಕೂರಿಸ್ಕೊಂಡೇ ಇಲ್ಲಿಗೆ ಬನ್ನಿ. ಶಾಲೆವರೆಗೆ ನಾನು ಓಡಿಸ್ತೀನಿ. ನಂಗೂ ಪ್ರಾಕ್ಟೀಸ್ ಆಗುತ್ತೆ."

"ಮೇಡಂ, ಅವಳು ಕಿರುಚೋಕೆ ಶುರು ಮಾಡಿದ್ರೆ ನಿಮಗೆ ಕೈಕಾಲು ಆಡಲ್ಲ."

"ಮೇಷ್ಟ್ರೇ, ನಾನು ಎಂಟನೇ ಕ್ಲಾಸಿಗೆ ಬೀಜಗಣಿತ ಹೇಳಿಕೊಟ್ಟೋಳು. ಕಿರುಚಾಟ ಕೇಳೇ ಬಂದಿರೋದು."

ಮಾರನೇ ದಿನ ಮೇಡಂ ಸ್ಟೀರಿಂಗಿನ ಮುಂದೆ ಕೂತರು. ಮೇಷ್ಟ್ರು ಪಕ್ಕದಲ್ಲಿ ಕೂತು ಬ್ರೇಕಿನ ಮೇಲೆ ಕಾಲಿಟ್ಟರು. ಹಿಂದೆ ಬೆಲ್ಟು ಹಾಕಿಸಿಕೊಂಡು ಗುಂಡಿ, ಅವಳ ಪಕ್ಕದಲ್ಲಿ ದಿಂಬು.

ಮೇಡಂ ಅವರದ್ದೊಂದು ತೊಂದರೆ ಇತ್ತು. ಕನ್ನಡಿ, ಗೇರು, ಇಂಡಿಕೇಟರು ಮೂರನ್ನೂ ಒಟ್ಟಿಗೆ ಮಾಡಲು ಹೋಗಿ ಮೂರನ್ನೂ ಕೆಡಿಸುತ್ತಿದ್ದರು. ಅದಕ್ಕಾಗಿ ಮೇಷ್ಟ್ರು ಅವರಿಗೊಂದು ಪಾಠ ಕಟ್ಟಿದ್ದರು. ಏನು ಮಾಡುವುದಿದ್ದರೂ ಮೊದಲು ಬಾಯಿಬಿಟ್ಟು ಹೇಳಬೇಕು, ಆಮೇಲೆ ಮಾಡಬೇಕು. ಮೇಡಂ ಶಿಸ್ತಿನ ಹೆಂಗಸು. ಕಪ್ಪು ಹಲಗೆಯ ಮುಂದೆ ನಿಂತ ದನಿಯಲ್ಲೇ ಹೇಳುತ್ತಿದ್ದರು.

"ಕನ್ನಡಿ ನೋಡ್ದೆ. ಈಗ ಹೊರಡ್ತೀವಿ. ಮುಂದೆ ಉಬ್ಬು ಇದೆ, ನಿಧಾನ ಮಾಡ್ತೀನಿ. ಧಡಕ್ ಅನ್ನುತ್ತೆ. ಅಂತು. ಈಗ ಎಡಕ್ಕೆ ತಿರುಗ್ತೀವಿ. ತಿರುಗಿದ್ವಿ. ಸಿಗ್ನಲ್ ಕೆಂಪು. ನಿಲ್ತೀವಿ. ಹಸಿರು ಬಂದ್ಮೇಲೆ ಹೊರಡ್ತೀವಿ."

ಹಸಿರು ಬಂದಾಗ ಕಾರು ಒಂದು ಸಲ ಕುಪ್ಪಳಿಸಿ ಆಫ್ ಆಯಿತು. ಹಿಂದೆ ಹತ್ತಾರು ಹಾರ್ನುಗಳು. "ಆಫ್ ಆಯ್ತು" ಎಂದರು ಮೇಡಂ. "ತಪ್ಪು ನಂದೇ. ಮತ್ತೆ ಸ್ಟಾರ್ಟ್ ಮಾಡ್ತೀನಿ."

ಶಾಲೆ ಬಂತು. ಗುಂಡಿ ಇಳಿದಳು, ಬ್ಯಾಗು ಹಾಕಿಕೊಂಡಳು, ಹೋದಳು. ದಿಂಬು ಇಟ್ಟ ಜಾಗದಲ್ಲೇ ಇತ್ತು.

ಬ್ರೇಕಿನ ಗಡಿಬಿಡಿಯಲ್ಲಿದ್ದ ಮೇಷ್ಟ್ರಿಗೆ ಹಿಂದಿನ ಸೀಟಿನಿಂದ ಸದ್ದೇ ಬಂದಿಲ್ಲವೆಂಬುದು ಗೊತ್ತಾದದ್ದು ಅವಳು ಗೇಟಿನೊಳಗೆ ಮಾಯವಾದ ಮೇಲೆ. ರಾತ್ರಿ ಚೆನ್ನಾಗಿ ನಿದ್ದೆ ಮಾಡಿದ್ದಾಳೆ ಎಂದುಕೊಂಡರು. ಮಾರನೇ ದಿನವೂ ಹಾಗೇ ಆಯಿತು. ಹೊಟ್ಟೆ ತುಂಬಿದೆ ಎಂದುಕೊಂಡರು. ಆ ವಾರವಿಡೀ ಹಾಗೇ ಆದಾಗ, ಇದೆಲ್ಲ ವೇಗದ ಮಹಿಮೆ ಎಂದು ತೀರ್ಮಾನಿಸಿದರು. ಮೇಡಂ ಓಡಿಸಿದರೆ ಸೈಕಲ್ಲುಗಳು ಕಾರನ್ನು ಹಿಂದೆ ಹಾಕಿ ಹೋಗುತ್ತಿದ್ದವು. ಭಾನುವಾರ ಮೇಷ್ಟ್ರು ಗುಂಡಿಯನ್ನು ಕೂರಿಸಿಕೊಂಡು ಅಷ್ಟೇ ನಿಧಾನವಾಗಿ ಪಾರ್ಕಿನ ಕಡೆ ಹೊರಟರು. ಪಾರ್ಕಿನ ತಿರುವು ಮುಟ್ಟುವ ಮೊದಲೇ ಸೀಟಿನ ಬೆನ್ನಿಗೆ ಒದೆ ಬಿತ್ತು. ನಿಧಾನವಾಗಿ ಹೋಗುತ್ತಿದ್ದುದರಿಂದ ಮನೆಗೆ ವಾಪಸಾಗಲೂ ಬಹಳ ಹೊತ್ತು ಹಿಡಿಯಿತು.

"ಅವರನ್ನ ಕಂಡ್ರೆ ಅವಳಿಗೆ ಹೆದ್ರಿಕೆ ಇರ್ಬೇಕು" ಎಂದರು ಸಂಜೆ, ಹೆಂಡತಿಯ ಹತ್ತಿರ. "ನನಗೇ ಒಂದೊಂದ್ಸಲ ಹೆದ್ರಿಕೆ ಆಗುತ್ತೆ."

"ಅವಳಿಗೆ ಯಾರ ಹೆದ್ರಿಕೇನೂ ಇಲ್ಲ ರೀ. ಅವರು ದಾರೀಲಿ ಏನು ಮಾತಾಡ್ತಾರೆ?"

"ಅವರೇನು ಮಾತಾಡ್ತಾರೆ, ನಾನು ಹೇಳಿಕೊಟ್ಟಿದ್ದನ್ನ..."

ಮಾತು ಅಲ್ಲಿಗೇ ನಿಂತಿತು. ಗುಂಡಿ ಕೋಣೆಯ ನೆಲದ ಮೇಲೆ ಅಪ್ಪನ ಚಪ್ಪಲಿಯೊಂದನ್ನು ತಳ್ಳಿಕೊಂಡು ಹೋಗುತ್ತಿದ್ದಳು. ಕುರ್ಚಿಯ ಕಾಲಿನ ಬಳಿ ಚಪ್ಪಲಿ ನಿಂತಿತು.

"ಕನ್ನಡಿ ನೋಡ್ದೆ" ಎಂದಳು ಗುಂಡಿ, ಯಾರಿಗೂ ಅಲ್ಲ, ಮೇಡಂ ದನಿಯಲ್ಲೇ. "ಈಗ ಎಡಕ್ಕೆ ತಿರುಗ್ತೀವಿ." ಚಪ್ಪಲಿ ಎಡಕ್ಕೆ ತಿರುಗಿತು. "ತಿರುಗಿದ್ವಿ."

ಅವಳು ಕೋಣೆಯನ್ನು ಒಂದು ಸುತ್ತು ಹಾಕಿ ಮುಗಿಸುವವರೆಗೂ ಗಂಡ ಹೆಂಡತಿ ಚಪ್ಪಲಿಯನ್ನೇ ನೋಡುತ್ತಾ ಕೂತರು. ಕಾರು ಯಾವಾಗ ನಿಲ್ಲುತ್ತದೆ, ಯಾವಾಗ ಜಿಗಿಯುತ್ತದೆ, ಎತ್ತ ವಾಲುತ್ತದೆ ಎಂಬುದು ಓಡಿಸುವವರಿಗೆ ಮಾತ್ರ ಮೊದಲೇ ಗೊತ್ತಿರುತ್ತದೆ, ಹಿಂದೆ ಕೂತವರ ಮೇಲೆ ಅದು ಬಂದು ಬೀಳುತ್ತದೆ ಎಂಬುದನ್ನು ಮೇಷ್ಟ್ರು ಇಷ್ಟು ವರ್ಷ ಮುಂದಿನ ಸೀಟಿನಲ್ಲೇ ಕೂತವರಾದ್ದರಿಂದ ಯೋಚಿಸಿಯೇ ಇರಲಿಲ್ಲ.

ಹೆಂಡತಿ ಎದ್ದು ಅಡುಗೆಮನೆಗೆ ಹೋದಳು. ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯಲು ಶುರು ಮಾಡಿದಳು. ಮೇಷ್ಟ್ರು ಬಾಗಿಲಲ್ಲಿ ನಿಂತರು.

"ನಾಲ್ಕು ವರ್ಷ ನಾನು ಅವಳಿಗೆ ಹಾಡು ಹೇಳ್ಕೊಂಡು ಓಡಿಸಿದೀನಿ ರೀ" ಎಂದಳು ಅವಳು ತಿರುಗದೆ. "ಗಂಟಲು ಬಿದ್ದುಹೋದ್ರೂ ಬಿಡ್ತಿರ್ಲಿಲ್ಲ. ಬೇಕಾಗಿದ್ದಿದ್ದು ಹಾಡಲ್ಲ."

"ನಿನ್ನ ಹಾಡಿಂದಾನೇ ಕಿರುಚ್ತಿದ್ದಳು ಅಂತ ಏನಿಲ್ಲ" ಎಂದರು ಮೇಷ್ಟ್ರು. ಸಮಾಧಾನಕ್ಕೆ ಹೇಳಿದ್ದು. ಹೊರಗೆ ಬಂದ ಮೇಲೆ ಅದು ಸಮಾಧಾನದ ಮಾತಿನ ಹಾಗೆ ಕೇಳಿಸಲಿಲ್ಲ. ಹೆಂಡತಿ ಸೌಟು ಹಿಡಿದುಕೊಂಡೇ ತಿರುಗಿದಳು. ಒಂದು ಕ್ಷಣ ಏನಾಗುತ್ತದೋ ಎನ್ನಿಸಿತು. ಆಮೇಲೆ ಅವಳಿಗೆ ನಗು ಬಂತು, ನಗುತ್ತಲೇ ಕಣ್ಣೊರೆಸಿಕೊಂಡಳು, ಸೌಟಿನ ನೀರು ಮೇಷ್ಟ್ರ ಕಾಲ ಮೇಲೆ ಸುರಿಯಿತು.

ಸೋಮವಾರದಿಂದ ಮೇಷ್ಟ್ರು ತಾವೇ ಹೇಳಿಕೊಂಡು ಓಡಿಸಲು ಕೂತರು. ಬೇರೆಯವರಿಗೆ ಹೇಳಿಕೊಟ್ಟಷ್ಟು ಸುಲಭವಿರಲಿಲ್ಲ ಅದು. ಅವರ ಕೈಕಾಲುಗಳು ಬಾಯಿಗೆ ಕಾಯುತ್ತಲೇ ಇರಲಿಲ್ಲ. "ಬಲಕ್ಕೆ ತಿರುಗ್ತೀವಿ" ಎನ್ನುವಷ್ಟರಲ್ಲಿ ತಿರುಗಿ ಆಗಿರುತ್ತಿತ್ತು, ಹಿಂದಿನಿಂದ ಗುನುಗು ಶುರುವಾಗಿರುತ್ತಿತ್ತು. ತಮ್ಮ ಡ್ರೈವಿಂಗಿನಲ್ಲಿ ಇಷ್ಟೊಂದು ಕೆಲಸಗಳನ್ನು ತಮಗೇ ತಿಳಿಯದಂತೆ ಮಾಡುತ್ತಿದ್ದೇವೆಂದು ಗೊತ್ತಾಗಿ ಅವರಿಗೆ ಸ್ವಲ್ಪ ನಾಚಿಕೆಯಾಯಿತು. ಮೇಡಂ ಪಕ್ಕದಲ್ಲಿ ಕೂತು ತಿದ್ದಿದರು. "ಹೇಳಿದ್ದು ತಡ ಆಯ್ತು ಮೇಷ್ಟ್ರೇ. ಪರವಾಗಿಲ್ಲ, ಇನ್ನೊಂದ್ಸಲ ನೋಡೋಣ." ಈ ಮಾತು ಕೇಳಿದರೆ ಮೈ ಎಷ್ಟು ಉರಿಯುತ್ತದೆಂದು ಮೇಷ್ಟ್ರಿಗೆ ಅವತ್ತೇ ಗೊತ್ತಾದದ್ದು.

ನಿಧಾನವಾಗಿ ರೂಢಿಯಾಯಿತು. ಎಲ್ಲ ದಿನವೂ ಸರಿಹೋಯಿತೆಂದಲ್ಲ. ಆಂಬುಲೆನ್ಸು ಕೂಗಿಕೊಂಡು ಬಂದರೆ, ಮೋಡ ಗುಡುಗಿದರೆ ಯಾವ ಹೇಳಿಕೆಯೂ ನಡೆಯುತ್ತಿರಲಿಲ್ಲ. ಆದರೂ ಹೆಚ್ಚಿನ ದಿನಗಳಲ್ಲಿ ದಿಂಬು ಇದ್ದ ಕಡೆಯೇ ಇರುತ್ತಿತ್ತು.

ಈ ನಡುವೆ ಮೇಡಂ ನಾಲ್ಕನೇ ಸಲ ಪರೀಕ್ಷೆಗೆ ಹೋದರು. ಇನ್ಸ್‌ಪೆಕ್ಟರು, "ಮೇಡಂ, ಬಾಯಿ ಮುಚ್ಕೊಂಡು ಓಡಿಸಿ" ಎಂದರಂತೆ. "ಅದು ಸಾಧ್ಯ ಇಲ್ಲ. ಈಗ ನಿಮ್ಮನ್ನ ಬಲಕ್ಕೆ ತಿರುಗಿಸ್ತೀನಿ" ಎಂದು ಮೇಡಂ ತಿರುಗಿಸಿದರಂತೆ. ಪಾಸಾದರು. ಒಂದು ವಾರಕ್ಕೆ ಅವರ ಗಂಡನ ಫೋನು ಬಂತು.

"ಮೇಷ್ಟ್ರೇ, ಪರೀಕ್ಷೆ ಆಯ್ತಲ್ಲ, ಇನ್ನಾದ್ರೂ ಮಾತು ನಿಲ್ಸೋಕೆ ಹೇಳ್ರಿ. ಮೊದಲು ಕಣ್ಣು ಹೋಯ್ತು, ಈಗ ಕಿವೀನೂ ಹೋಗೋ ಹಾಗಿದೆ."

"ಅದಕ್ಕೆ ನನ್ನ ಹತ್ರ ಬ್ರೇಕ್ ಇಲ್ಲ ಸಾರ್" ಎಂದರು ಮೇಷ್ಟ್ರು.

ಆ ತಿಂಗಳ ಕೊನೆಯಲ್ಲಿ ಹೆಂಡತಿಯ ತಂಗಿ ಹೊಸ ಮನೆ ಕೊಂಡು, ಊಟಕ್ಕೆ ಕರೆದಳು. ಬೇರೆ ಊರು, ಹೆದ್ದಾರಿಯಲ್ಲಿ ಎರಡು ಗಂಟೆಯ ದಾರಿ. ಇಂಥ ಕರೆಗಳಿಗೆಲ್ಲ ಇವರ ಮನೆಯಿಂದ ಒಬ್ಬರು ಮಾತ್ರ ಹೋಗುವುದು, ಇನ್ನೊಬ್ಬರು ಗುಂಡಿಯ ಜೊತೆ ಉಳಿಯುವುದು ಎಂದೋ ಆಗಿಹೋಗಿತ್ತು. "ಈ ಸಲ ಮೂರೂ ಜನ ಹೋಗೋಣ" ಎಂದರು ಮೇಷ್ಟ್ರು. ಹೇಳಿಬಿಟ್ಟ ಮೇಲೆ ಅವರಿಗೇ ಭಯವಾಯಿತು. ಅಷ್ಟರಲ್ಲಿ ಹೆಂಡತಿ ತಂಗಿಗೆ ಫೋನು ಮಾಡಿಯಾಗಿತ್ತು.

ಹೆಂಡತಿಯ ಸಣ್ಣ ಕಾರಿನಲ್ಲಿ ಹೊರಟರು. ಮೇಷ್ಟ್ರು ಓಡಿಸಿದರು, ಹೆಂಡತಿ ಹಿಂದೆ ಮಗಳ ಪಕ್ಕ ಕೂತಳು. "ಮುಂದೆ ಲಾರಿ. ಅದನ್ನ ದಾಟ್ತೀವಿ. ದಾಟಿದ್ವಿ. ಈಗ ಬಹಳ ಹೊತ್ತು ನೇರ." ಮುಕ್ಕಾಲು ದಾರಿ ಹೀಗೇ ಕಳೆಯಿತು. ಆಮೇಲೆ ಮುಂದಿನ ಗಾಡಿಗಳೆಲ್ಲ ಒಂದೊಂದಾಗಿ ನಿಂತವು. ಎಲ್ಲೋ ಮುಂದೆ ಪೇಂಟು ಡಬ್ಬ ತುಂಬಿದ ಲಾರಿ ಮಗುಚಿ, ರಸ್ತೆಯೆಲ್ಲ ನೀಲಿಯಾಗಿದೆ ಎಂಬ ಸುದ್ದಿ ಕಾರಿನಿಂದ ಕಾರಿಗೆ ದಾಟಿ ಬಂತು.

"ನಿಂತಿದೀವಿ" ಎಂದರು ಮೇಷ್ಟ್ರು.

"ನಿಂತಿದೀವಿ" ಎಂದಳು ಗುಂಡಿ. ಸ್ವಲ್ಪ ಹೊತ್ತಾದ ಮೇಲೆ, "ಹೊರಡ್ತೀವಿ?"

'ಇನ್ನೇನು ಹೊರಟೇಬಿಡ್ತೀವಿ' ಎಂಬುದು ಮೇಷ್ಟ್ರ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡರು. "ಯಾವಾಗ ಅಂತ ಗೊತ್ತಿಲ್ಲ ಕಂದಾ. ಹೊರಡೋ ಮುಂಚೆ ಹೇಳ್ತೀನಿ."

ಗುಂಡಿ "ನಿಂತಿದೀವಿ, ನಿಂತಿದೀವಿ" ಎಂದು ಹೇಳಿಕೊಳ್ಳುತ್ತಾ, ಅಮ್ಮನ ತೋಳು ಹಿಡಿದು ಬಹಳ ಹೊತ್ತು ತಡೆದಳು. ಅಷ್ಟು ಹೊತ್ತು ತಡೆದದ್ದನ್ನು ಅವರು ಎಂದೂ ನೋಡಿರಲಿಲ್ಲ. ಬಿಸಿಲೇರಿತು. ಹಿಂದಿದ್ದ ಬಸ್ಸಿನವನು ತಾಳ್ಮೆಗೆಟ್ಟು, ಹಾರ್ನಿನ ಮೇಲೆ ಕೈಯಿಟ್ಟವನು ತೆಗೆಯಲೇ ಇಲ್ಲ. ಅಲ್ಲಿಗೆ ಗುಂಡಿಯ ತಡೆ ಒಡೆಯಿತು.

ಹೆಂಡತಿ ಗಾಜಿಗೆ ದಿಂಬು ಒತ್ತಿ ಹಿಡಿದಳು, ತನ್ನ ಮುಂಗೈಯನ್ನು ಮಗಳ ಹಲ್ಲಿನಿಂದ ಬಿಡಿಸಿಕೊಳ್ಳಲು ಒಮ್ಮೆ ನೋಡಿ, ಆಗದೆ ಬಿಟ್ಟಳು. ಮೇಷ್ಟ್ರು ಎಂಜಿನ್ ಆಫ್ ಮಾಡಿ, ಬಿಸಿಲು ಬರುವ ಕಡೆಯ ಕಿಟಕಿಗೆ ಟವೆಲು ಕಟ್ಟಿದರು. ಮುಂದಿನ ಕಾರಿನ ದಪ್ಪ ಮನುಷ್ಯನೊಬ್ಬ ಇಳಿದು ಬಂದು, "ಏನಾಗಿದೆ ಮಗೂಗೆ? ನೀರು ಕುಡಿಸಿ. ಎತ್ಕೊಂಡು ಓಡಾಡಿಸಿ. ನಮ್ಮ ಅಕ್ಕನ ಮಗನಿಗೂ ಹೀಗೇ..." ಎಂದು ಶುರು ಮಾಡಿದ.

"ನಿಮ್ಮಿಂದ ಒಂದು ಉಪಕಾರ ಆಗ್ಬೇಕಿತ್ತು" ಎಂದರು ಮೇಷ್ಟ್ರು. "ಆ ಬಸ್ಸಿನವನಿಗೆ ಹಾರ್ನ್ ನಿಲ್ಲಿಸೋಕೆ ಹೇಳ್ತೀರಾ? ಬೇರೇನೂ ಬೇಡ."

ದಪ್ಪ ಮನುಷ್ಯ ಬಸ್ಸಿನ ಕಡೆ ನಡೆದ. ಅಲ್ಲಿ ಏನು ಹೇಳಿದನೋ, ಅಥವಾ ಏನು ಮಾಡಿದನೋ, ಹಾರ್ನು ಅರ್ಧಕ್ಕೇ ಕತ್ತರಿಸಿದ ಹಾಗೆ ನಿಂತಿತು. ಅವನು ತಿರುಗಿ ಬಂದು, ಇವರ ಕಡೆ ನೋಡದೆ ತನ್ನ ಕಾರಿಗೆ ಒರಗಿ ನಿಂತ. ಆಮೇಲೆ ಸಲಹೆ ಕೊಡಲು ಬಂದ ಇಬ್ಬರನ್ನು ಅವನೇ ಕೈಸನ್ನೆ ಮಾಡಿ ವಾಪಸು ಕಳಿಸಿದ.

ಕಿರುಚಾಟ ಅಳುವಾಯಿತು, ಅಳು ಬಿಕ್ಕಾಯಿತು. ಗುಂಡಿಯ ಬಟ್ಟೆ, ಸೀಟು ಎಲ್ಲ ಉಚ್ಚೆಯಲ್ಲಿ ಒದ್ದೆಯಾಗಿತ್ತು. ರಸ್ತೆ ತೆರೆದಾಗ ಮುಂದಿನ ಕಾರುಗಳು ಹೊರಟವು. ಮೇಷ್ಟ್ರು ಹಿಂದೆ ತಿರುಗಿ, ಮಗಳ ಕಣ್ಣು ತಮ್ಮ ಕಡೆ ಬರುವವರೆಗೆ ಕಾದರು.

"ಈಗ ಹೊರಡ್ತೀವಿ" ಎಂದರು.

ಅವಳು ಬೇಡವೆನ್ನಲಿಲ್ಲ. ಹೊರಟರು.

ತಲುಪುವ ಹೊತ್ತಿಗೆ ಊಟ ಮುಗಿದು ನೆಂಟರು ಜಾಗ ಖಾಲಿ ಮಾಡುತ್ತಿದ್ದರು. ಷಡ್ಡಕ ಬಾಗಿಲಲ್ಲೇ ನಿಂತು, "ಏನ್ ಭಾವ, ಊರಿಗೆಲ್ಲ ಡ್ರೈವಿಂಗ್ ಕಲಿಸೋರು ನೀವು, ನೀವೇ ಹಿಂಗೆ ಲೇಟಾ?" ಎಂದ.

"ಹೌದು, ಲೇಟಾಯ್ತು" ಎಂದರು ಮೇಷ್ಟ್ರು. "ನಿಮ್ಮ ಮನೇಲಿ ನಲ್ಲಿ ಎಲ್ಲಿದೆ?"

ಬಟ್ಟೆ ಬದಲಾಯಿಸಿಕೊಂಡ ಗುಂಡಿ ಹೊಸ ಮನೆಯಲ್ಲಿ ಮೊದಲು ಫ್ಯಾನುಗಳನ್ನು ನೋಡಿದಳು, ಆಮೇಲೆ ತಾನೇ ತಟ್ಟೆ ಹಿಡಿದು ಬಂದು ಚಿಕ್ಕಮ್ಮನ ಪಕ್ಕ ಕೂತು ಉಂಡಳು. ಚಿಕ್ಕಮ್ಮ ಅವಳನ್ನು ನೋಡಿ ಎರಡು ವರ್ಷವಾಗಿತ್ತು. ಬಡಿಸಿದ್ದನ್ನೇ ಮತ್ತೆ ಬಡಿಸಿದಳು, ಆದರೆ ಮಾತಾಡಿಸಿ ಕೆಡಿಸಲಿಲ್ಲ. ಅವಳ ಕುಪ್ಪಸದ ಗುಂಡಿಗಳನ್ನು ಗುಂಡಿ ಎಡಗೈಯಲ್ಲಿ ಒಂದೊಂದಾಗಿ ಮುಟ್ಟಿ ನೋಡಿದಳು. ಹಿತ್ತಲಿನ ನಲ್ಲಿಯ ಕೆಳಗೆ ಗಂಡ ಹೆಂಡತಿ ಸೀಟಿನ ಕವರು ತಿಕ್ಕುತ್ತಿದ್ದರು. ಹೆಂಡತಿಯ ಮುಂಗೈಯಲ್ಲಿ ಹಲ್ಲಿನ ಗುರುತು ಕೆಂಪಗೆ ಎದ್ದಿತ್ತು.

"ಹೋಗ್ತಾ ನಾನು ಓಡಿಸ್ತೀನಿ" ಎಂದಳು ಅವಳು.

"ಕೈ ನೋವಿಲ್ವಾ?"

"ನೋವಿದೆ. ಆದ್ರೂ ನಾನೇ ಓಡಿಸ್ತೀನಿ. ಇಷ್ಟು ದಿನ ನೀವು, ಆ ಮೇಡಂ, ನೀವೇ ಮಾತಾಡಿದ್ದಾಯ್ತು."

ಸಂಜೆ ಒದ್ದೆ ಸೀಟಿನ ಮೇಲೆ ಪ್ಲಾಸ್ಟಿಕ್ ಹಾಸಿ ಹೊರಟರು. ಗುಂಡಿ ಹಿಂದೆ, ಅವಳ ಪಕ್ಕ ದಿಂಬು. ಮೇಷ್ಟ್ರು ಮುಂದೆ ಹೆಂಡತಿಯ ಪಕ್ಕ ಕೂತರು.

"ಕನ್ನಡಿ ನೋಡ್ದೆ" ಎಂದಳು ಹೆಂಡತಿ. "ಈಗ ಹೊರಡ್ತೀವಿ. ಮುಂದೆ ನಾಯಿ. ಅದು ಏಳೋ ಹಾಗಿಲ್ಲ, ನಾವೇ ಸುತ್ತಿ ಹೋಗ್ತೀವಿ. ಹೋದ್ವಿ. ಈ ಬೈಕಿನವನು ಯಾವ ಕಡೆ ತಿರುಗ್ತಾನೆ ಅನ್ನೋದು ದೇವರಾಣೆಗೂ ನಂಗೊತ್ತಿಲ್ಲ. ಅವನಿಗೂ ಗೊತ್ತಿಲ್ಲ."

"ಅವನಿಗೂ ಗೊತ್ತಿಲ್ಲ" ಎಂದಳು ಗುಂಡಿ ಹಿಂದಿನಿಂದ.

ಹೆಂಡತಿ ಮೂರನೇ ಗೇರಿನಲ್ಲಿ ಹೋಗಬೇಕಾದ ಕಡೆ ನಾಲ್ಕರಲ್ಲಿ ಹೋಗುತ್ತಿದ್ದಳು, ತಿರುವುಗಳಲ್ಲಿ ರಸ್ತೆಯ ನಡುವಿಗೆ ವಾಲುತ್ತಿದ್ದಳು. ಬ್ರೇಕೇ ಇಲ್ಲದ ನೆಲವನ್ನು ಕಾಲಿನಿಂದ ಬಲವಾಗಿ ಒತ್ತುತ್ತಾ ಮೇಷ್ಟ್ರು ಮನೆ ಮುಟ್ಟುವವರೆಗೂ ತುಟಿ ಬಿಚ್ಚಲಿಲ್ಲ.